ವಾರ್ಡಿನಲ್ಲಿ ಸೂತಕ ಇರುವುದಿಲ್ಲ

(ಬೆಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ನರ್ಸುಗಳು ಮತ್ತು ವೈದ್ಯರ ಮುಂದೆ ಹಿರಿಯ ನರ್ಸೊಬ್ಬರು ಆಡಿದ ಮಾತುಗಳ ಬರಹ ರೂಪ)

ಬೆಳಗಿನ ಜಾವ 4 ಗಂಟೆ 10 ನಿಮಿಷ. ಆ ಹೊತ್ತು ನನಗೆ ಇವತ್ತಿಗೂ ನೆನಪಿದೆ. ಕೇಸ್ ಶೀಟಿನಲ್ಲಿ ಅದನ್ನು ಬರೆದವಳು ನಾನೇ. ಕೊಪ್ಪಳದ ಕಡೆಯ ಹುಡುಗ, 7 ವರ್ಷ, ರಕ್ತದ ಕ್ಯಾನ್ಸರ್. ಮಕ್ಕಳ ಗುರುತು ಸಿಗಬಾರದು ಅಂತ ಇವತ್ತು ಊರುಗಳನ್ನು ಬದಲಿಸಿ ಹೇಳುತ್ತಿದ್ದೇನೆ, ಉಳಿದದ್ದೆಲ್ಲ ನಡೆದದ್ದೇ. 11 ತಿಂಗಳಿಂದ ಅವನು ನಮ್ಮ ವಾರ್ಡಿಗೆ ಬರುವುದು, ಊರಿಗೆ ಹೋಗುವುದು, ಮತ್ತೆ ಜ್ವರ ಅಂತ ಬರುವುದು ನಡೆದೇ ಇತ್ತು.

ಮಕ್ಕಳ ಕೈಗೆ ಡ್ರಿಪ್ ಹಾಕಿದಾಗ ಕೈ ಅಲ್ಲಾಡದಿರಲಿ ಅಂತ ರಟ್ಟಿನ ತುಂಡಿಗೆ ಬ್ಯಾಂಡೇಜ್ ಸುತ್ತಿ ಕಟ್ಟುತ್ತೇವಲ್ಲ, ಆ ಸ್ಪ್ಲಿಂಟಿನ ಮೇಲೆ ನಾನು ಬಾಲ್ ಪೆನ್ನಿನಲ್ಲಿ ಒಂದು ಎತ್ತಿನ ಮುಖ ಬರೆದಿದ್ದೆ. ಅವರ ಮನೆಯಲ್ಲಿ ಜೋಡಿ ಎತ್ತುಗಳಿದ್ದವು. ಕೊಂಬು ಗಿಡ್ಡ ಆಯಿತು ಅಂತ ಅವನೇ ಪೆನ್ನು ಇಸಿದುಕೊಂಡು, ಎಡಗೈಯಲ್ಲಿ, ಸೊಟ್ಟಸೊಟ್ಟಗೆ ಉದ್ದ ಮಾಡಿದ್ದ.

ಅವನು ಹೋದ ಮೇಲೆ ಪ್ಲಾಸ್ಟರ್ ಬಿಡಿಸಿದೆ, ಸೂಜಿ ತೆಗೆದೆ, ಮೈ ಒರೆಸಿದೆ. ಅವನ ತಾಯಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ನಾನು ಸ್ಪ್ಲಿಂಟನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಕೈ ಚಾಚಿದರು. "ಅದನ್ನ ನನಗ ಕೊಡ್ರೀ ಅಕ್ಕಾರ" ಅಂದರು. ಕೊಟ್ಟೆ. ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

5 ಗಂಟೆಗೆ ಕ್ಯಾಶುವಾಲ್ಟಿಯಿಂದ ಫೋನ್. "ಸಿಸ್ಟರ್, ಬೆಡ್ ಖಾಲಿ ಆಯ್ತಾ?" ಕೇಳಿದವರದು ತಪ್ಪಲ್ಲ. ಕೆಳಗೆ ಇನ್ನೊಂದು ಮಗು ಸ್ಟ್ರೆಚರ್ ಮೇಲೆ ಕಾಯುತ್ತಿತ್ತು. ಹಾಸಿಗೆ ಒರೆಸಿ, ಶೀಟ್ ಬದಲಿಸಿದೆವು. 5 ಗಂಟೆ 10 ನಿಮಿಷಕ್ಕೆ ಒಂದು ಹುಡುಗಿಯನ್ನು ತಂದು ಅದೇ ಹಾಸಿಗೆಗೆ ಮಲಗಿಸಿದರು. ಸರಿಯಾಗಿ ಒಂದು ಗಂಟೆ. ಅವಳ ಕೈಯಲ್ಲಿ ನರ ಹುಡುಕಿ ಸೂಜಿ ಹಾಕಿದೆ, ರಕ್ತ ಕಳಿಸಿದೆ. ಅವಳ ಹೆಸರು ಕೇಳಲಿಲ್ಲ. ಬೆಳಿಗ್ಗೆ ಹ್ಯಾಂಡೋವರ್ ಕೊಡುವಾಗ "11ನೇ ಬೆಡ್ಡು, ಹೊಸ ಕೇಸು" ಅಂತ ಹೇಳಿದೆ.

ಮನೆಗೆ ಬಂದಾಗ ನನ್ನ ಮಗಳು ಮಲಗಿದ್ದಳು. ಅವಳಿಗೆ ಆಗ 8 ವರ್ಷ. "ಅಮ್ಮಾ, ಜ್ವರ" ಅಂದಳು. ಥರ್ಮಾಮೀಟರ್ ಇಟ್ಟೆ, ನೂರು. "ನೂರೇ ತಾನೆ? ನೂರು ಒಂದು ಜ್ವರಾನಾ?" ಅಂದೆ. ಅವಳು ಏನೂ ಹೇಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು.

ಇವತ್ತಿನ ಮಾತು ಆ ತಿರುಗಿದ ಬೆನ್ನಿನಿಂದ ಶುರುವಾಗುತ್ತದೆ. ಆ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸದೆ ಇರುವುದೇ ಕಾಯಿಲೆ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಕಾಲು ಮಡಚಿಕೊಂಡು ಜಾಸ್ತಿ ಹೊತ್ತು ಕೂತರೆ ಜೋಮು ಹಿಡಿಯುತ್ತದೆ, ಅಲ್ವಾ? ಕಾಲು ಇದೆ, ಆದರೆ ಚಿವುಟಿದರೂ ಗೊತ್ತಾಗುವುದಿಲ್ಲ. ಮನಸ್ಸಿಗೂ ಹಾಗೇ ಜೋಮು ಹಿಡಿಯುತ್ತದೆ. ಇನ್ನೊಂದು ಮಾತು ಗಮನಿಸಿ. ಜೋಮು ಬಿಡುವಾಗ ಸುಮ್ನೆ ಬಿಡುವುದಿಲ್ಲ. ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಆ ಮುಳ್ಳಿಗೆ ಹೆದರಿ ಕಾಲು ಚಾಚುವುದೇ ಇಲ್ಲ. ಹಾಗೇ ಕೂತುಬಿಡುತ್ತಾರೆ, 20 ವರ್ಷ, 30 ವರ್ಷ.

ಇದಕ್ಕೆ ಹೆಸರು ಬಂದಿದ್ದು ನರ್ಸುಗಳ ಲೋಕದಿಂದಲೇ. 1992ರಲ್ಲಿ ಅಮೆರಿಕದ ಕಾರ್ಲಾ ಜಾಯ್ನ್‌ಸನ್ ಎನ್ನುವ ನರ್ಸ್, ನರ್ಸುಗಳ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ 'ಕಂಪ್ಯಾಶನ್ ಫಟೀಗ್' ಎಂಬ ಮಾತು ಬಳಸಿದರು. ಕರುಣೆಯ ದಣಿವು ಅನ್ನಬಹುದು. 1995ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ತಂದರು. ಪೆಟ್ಟು ತಿಂದವರನ್ನು ನೋಡಿಕೊಳ್ಳುವವರಿಗೂ ಆ ಪೆಟ್ಟು ತಗಲುತ್ತದೆ ಅನ್ನುವುದು ಅವರ ಮಾತಿನ ಸಾರ. ಬೆಂಕಿ ಹತ್ತಿರ ನಿಂತವನ ಮೈಯೂ ಬಿಸಿಯಾಗುತ್ತದೆ, ಅಷ್ಟು ಸರಳ.

'ಬರ್ನ್‌ಔಟ್' ಅನ್ನುವುದನ್ನು ನೀವು ಜಾಸ್ತಿ ಕೇಳಿರುತ್ತೀರಿ. ಅದು ಹಳೆಯ ಮಾತು, 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರೆದದ್ದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಕೆಲಸದಿಂದ ಬರುವ ಸ್ಥಿತಿ, ಕಾಯಿಲೆ ಅಲ್ಲ ಅಂತ ಬಿಡಿಸಿ ಹೇಳಿತು. ಬ್ಯಾಂಕಿನಲ್ಲಿ ಇರುವವರಿಗೂ ಅದು ಬರಬಹುದು, ಸಾಫ್ಟ್‌ವೇರಿನವರಿಗೂ ಬರಬಹುದು. ಕೆಲಸ ಜಾಸ್ತಿ, ಜನ ಕಡಿಮೆ, ಮೇಲಿನವರ ಕಿರಿಕಿರಿ, ಮೆಲ್ಲಗೆ ಸುಸ್ತಾಗುತ್ತಾ ಹೋಗುತ್ತೀರಿ. ಕರುಣೆಯ ದಣಿವು ಹಾಗಲ್ಲ. ಇದು ಇನ್ನೊಬ್ಬರ ನೋವಿನಿಂದ ಬರುವುದು, ಕೆಲವು ಸಲ ಒಂದೇ ರಾತ್ರಿಯಲ್ಲಿ ಬರುವುದು. ನಮ್ಮ ವಾರ್ಡುಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ಅದು ಬೇರೆ ಮಾತು.

ಲಕ್ಷಣಗಳ ಪಟ್ಟಿ ನಿಮ್ಮ ಪಠ್ಯದಲ್ಲಿ ಇರುತ್ತದೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮಗುವಿನ ಹೆಸರು ಹೋಗಿ ಬೆಡ್ ನಂಬರ್ ಬರುತ್ತದೆ. ಆರನೇ ಬೆಡ್ಡಿನ ಮಗು ಕೊನೆಯ ಹಂತದಲ್ಲಿದೆ ಅಂದರೆ, ಆ ಬೆಡ್ಡಿಗೆ ಹೋಗುವ ಕೆಲಸ ಎಲ್ಲ ಕೊನೆಗೆ ಉಳಿಯುತ್ತದೆ. ಔಷಧಿ ಕೋಣೆಯಲ್ಲಿ ಸುಮ್ನೆ ನಿಂತಿರುತ್ತೀರಿ, ಏನು ತೆಗೆಯಲು ಬಂದೆ ಅಂತ ಮರೆತಿರುತ್ತದೆ. ಬಸ್ಸಿನಲ್ಲಿ ಮಗು ಅತ್ತರೆ ತಡೆದುಕೊಳ್ಳಲು ಆಗುವುದಿಲ್ಲ, ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೀರಿ. ಮನೆಯಲ್ಲಿ ಮಗನ ಮಂಡಿ ತರಚಿದರೆ, "ಇದೊಂದು ಗಾಯಾನಾ" ಅನ್ನುತ್ತೀರಿ. ಇನ್ನು ಕೆಲವರಿಗೆ ಉಲ್ಟಾ. ಮಗುವಿಗೆ ಒಂದು ಸಣ್ಣ ಮೂಗೇಟು ಕಂಡರೂ ಸಾಕು, ರಕ್ತ ಪರೀಕ್ಷೆ ಮಾಡಿಸುವವರೆಗೆ ನಿದ್ದೆ ಇಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬರು ಸಿಸ್ಟರ್ ತಮ್ಮ ಮಗನಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ರಕ್ತ ಪರೀಕ್ಷೆ ಮಾಡಿಸಿದ್ದರು. ಹುಡುಗ ಗಟ್ಟಿಮುಟ್ಟಾಗಿದ್ದ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಏನಾಗುತ್ತದೆ? ಆ ಮನೆಯ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ಮೂರನೇ ದಿನ ಹಾಲುತುಪ್ಪ ಬಿಡುತ್ತಾರೆ. 11 ದಿನವೋ 13 ದಿನವೋ ಸೂತಕ. ನಮ್ಮ ಜೊತೆ ಕೆಲಸ ಮಾಡುವ ಕೇರಳದ ಸಿಸ್ಟರ್‌ಗಳ ಮನೆಗಳಲ್ಲಿ 41ನೇ ದಿನ ಪ್ರಾರ್ಥನೆ ಇಟ್ಟುಕೊಳ್ಳುತ್ತಾರೆ. ಮುಸ್ಲಿಂ ಮನೆಗಳಲ್ಲಿ ಮೂರು ದಿನ ನೆಂಟರು, ನೆರೆಯವರು ಬಂದು ಕೂರುತ್ತಾರೆ. ಸೂತಕದಲ್ಲಿ ಮೈಲಿಗೆಯ ಮಾತೂ ಸೇರಿಕೊಂಡಿದೆ, ಅದನ್ನು ನಾನು ಒಪ್ಪುವವಳಲ್ಲ. ಆದರೆ ಅದರೊಳಗೆ ಒಂದು ತಿಳಿವಳಿಕೆ ಇದೆ. ದುಃಖ ಆದವರನ್ನು ಕೆಲಸಕ್ಕೆ ಹಚ್ಚಬೇಡಿ, ಅವರಿಗೆ ಹೊತ್ತು ಕೊಡಿ, ಅವರಿಗೆ ಊಟ ಕೊಡಿ. ಯಾವ ಪುಸ್ತಕ ಓದದವರೂ ಇದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ.

ವಾರ್ಡಿನಲ್ಲಿ ಸೂತಕ ಇಲ್ಲ. 11 ತಿಂಗಳು ಊಟ ಮಾಡಿಸಿದ ಮಗು ಹೋದರೆ ನಮಗೆ ಒಂದು ಗಂಟೆ. ಆ ಒಂದು ಗಂಟೆಯಲ್ಲೂ ಫಾರಂ ತುಂಬಬೇಕು. ಅತ್ತರೆ, "ಪ್ರೊಫೆಶನಲ್ ಆಗಿರಿ" ಅನ್ನುತ್ತಾರೆ. ನಾವೇನು ಹೆತ್ತವರಲ್ಲ, ನೆಂಟರಲ್ಲ, ನಮ್ಮ ದುಃಖಕ್ಕೆ ಲೆಕ್ಕದಲ್ಲಿ ಜಾಗ ಇಲ್ಲ. ಹಾಗಾಗಿ ಅದು ಒಳಗೇ ಕೂರುತ್ತದೆ. ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ. ಮಕ್ಕಳನ್ನು ಪ್ರೀತಿ ಮಾಡಿ ಮಾಡಿ ನರ್ಸ್ ದಣಿಯುತ್ತಾಳೆ ಅಂತ ಜನ ಅಂದುಕೊಂಡಿದ್ದಾರೆ. ನನ್ನ 28 ವರ್ಷದ ಅನುಭವದಲ್ಲಿ ಹೇಳುತ್ತೇನೆ, ಅದು ಸುಳ್ಳು. ಅತ್ತು ಮುಗಿಸಲು ಬಿಡದೆ ಇರುವುದೇ ನಮ್ಮನ್ನು ದಣಿಸುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮಗು ತೀರಿಕೊಂಡಾಗ ನಾನು ಅತ್ತೆ. ನಮ್ಮ ಹಿರಿಯ ಸಿಸ್ಟರ್ ಕೈ ಹಿಡಿದು ಔಷಧಿ ಕೋಣೆಗೆ ಕರೆದುಕೊಂಡು ಹೋದರು. "ಅಳೋದಾದ್ರೆ ಹಾಸ್ಟೆಲ್ಲಿಗೆ ಹೋಗಿ ಅಳು. ಇಲ್ಲಿ ಅತ್ತರೆ ಉಳಿದ ತಾಯಂದಿರು ಹೆದರ್ತಾರೆ" ಅಂದರು. ಅವರು ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೇ ಹೇಳಿದ್ದರು. 12 ವರ್ಷ ಆದ ಮೇಲೆ ನನ್ನ ಕೈಕೆಳಗೆ ಬಂದ ಹುಡುಗಿಗೆ ನಾನೂ ಅದೇ ಮಾತನ್ನು, ಅದೇ ಕೋಣೆಯಲ್ಲಿ ಹೇಳಿದೆ. ಅವಳಿಗೆ ಆಗ 22 ವರ್ಷ. ಕಣ್ಣು ಒರೆಸಿಕೊಂಡು ಡ್ಯೂಟಿಗೆ ಹೋದಳು. ಮೂರು ತಿಂಗಳಿಗೆ ಕೆಲಸ ಬಿಟ್ಟಳು. ಅವಳಷ್ಟು ಹಗುರ ಕೈಯಲ್ಲಿ ಸೂಜಿ ಹಾಕುವವರನ್ನು ನಾನು ಆಮೇಲೆ ನೋಡಲಿಲ್ಲ. ಮಕ್ಕಳು ಅವಳು ಬರಲಿ ಅಂತ ಕಾಯುತ್ತಿದ್ದರು. ಅವಳನ್ನು ಕಳೆದುಕೊಂಡಿದ್ದು ನನ್ನ ಮಾತಿನಿಂದ. ಇಲ್ಲಿ ಕೂತಿರುವ ಹಿರಿಯ ಸಿಸ್ಟರ್‌ಗಳಿಗೆ ಇದನ್ನು ಹೇಳಲೇಬೇಕು ಅಂತಲೇ ಬಂದೆ.

ಇನ್ನೊಂದು ನೆನಪಾಯಿತು, ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಪ್ರೀತಿಯಿಂದ ದಣಿಯುವುದಿಲ್ಲ ಅಂದೆನಲ್ಲ, ಅದಕ್ಕೆ ನನ್ನ ಬಳಿ ಎರಡು ಮಕ್ಕಳ ಕಥೆ ಇದೆ.

ಮೊದಲನೆಯದು ನನ್ನ ಶುರುವಿನ ವರ್ಷಗಳದ್ದು. ತೊಡೆಯ ಮೂಳೆಯಲ್ಲಿ ಗಡ್ಡೆ ಇದ್ದ ಹುಡುಗಿ, 12 ವರ್ಷ. ರಾತ್ರಿಯೆಲ್ಲ ನೋವು. ಅಂಥ ನೋವಿಗೆ ಕೊಡುವ ಮಾರ್ಫಿನ್ ಆಗ ಸಿಗುವುದೇ ಕಷ್ಟ. 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ, ಒಂದು ಔಷಧಿ ತರಿಸಲು ಹಲವು ಲೈಸೆನ್ಸ್ ಬೇಕಾಗುತ್ತಿತ್ತು. ಲೆಕ್ಕ ತಪ್ಪಿದರೆ ಜೈಲು ಅನ್ನುವ ಭಯ ಬೇರೆ. ಎಷ್ಟೋ ಆಸ್ಪತ್ರೆಗಳು ಆ ಸಹವಾಸವೇ ಬೇಡ ಅಂತ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. ಆ ಹುಡುಗಿ ಕೂಗುತ್ತಿದ್ದಳು, "ಅಕ್ಕಾ, ಏನಾದ್ರೂ ಮಾಡಕ್ಕಾ." ನನ್ನ ಕೈಯಲ್ಲಿ ಇದ್ದದ್ದು ಅವಳ ನೋವಿಗೆ ಏನೇನೂ ಸಾಲದ ಮಾತ್ರೆ. ನಾನು ಮಾಡಿದ್ದೇನು ಗೊತ್ತಾ? ಔಷಧಿ ಕಪಾಟಿನ ಮುಂದೆ ನಿಂತು, ಎಣಿಸಿದ ಬಾಟಲಿಗಳನ್ನೇ ಮತ್ತೆ ಎಣಿಸಿದೆ. ಅವಳ ಕಡೆ ಬೆನ್ನು ಹಾಕಿಕೊಂಡು.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಮಾರ್ಫಿನ್ ತರಿಸುವ ದಾರಿ ಸಲೀಸಾಯಿತು. ಎರಡನೆಯ ಮಗು ಅದಾದ ಮೇಲಿನದು. ಅದೇ ಥರದ ಗಡ್ಡೆ, ಹುಡುಗ, ಹೆಚ್ಚುಕಡಿಮೆ ಅದೇ ವಯಸ್ಸು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಕೊಡುತ್ತಿದ್ದೆವು. ಹೋಗುವ ವಾರದಲ್ಲಿ ಅವನು ಹಾಸಿಗೆ ಮೇಲೆ ಚೌಕಾಬಾರ ಹಾಕಿಕೊಂಡು ನನ್ನ ಜೊತೆ ಆಡಿದ. ಕವಡೆ ಬದಲು ಹುಣಸೆ ಬೀಜ, ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿ ಅವನಜ್ಜಿ ತಂದುಕೊಟ್ಟಿದ್ದರು. ಎರಡು ಆಟ ಅವನೇ ಗೆದ್ದ. ಅವನು ಹೋದಾಗ ನಾನು ಬಿಕ್ಕಿಬಿಕ್ಕಿ ಅತ್ತೆ, ಮಾರನೇ ದಿನ ಡ್ಯೂಟಿಗೆ ಬಂದೆ. ಆ ದುಃಖ ಈಗಲೂ ಇದೆ, ಆದರೆ ಅದು ಕಚ್ಚುವುದಿಲ್ಲ. ಮೊದಲನೇ ಹುಡುಗಿಯ ಕೂಗು ಮಾತ್ರ 20 ವರ್ಷ ಆದರೂ ಕಿವಿಯಲ್ಲಿದೆ.

ಇಬ್ಬರನ್ನೂ ನಾನು ಅಷ್ಟೇ ಹಚ್ಚಿಕೊಂಡಿದ್ದೆ. ವ್ಯತ್ಯಾಸ ಇದ್ದದ್ದು ನನ್ನ ಕೈಯಲ್ಲಿ ಏನಿತ್ತು ಅನ್ನುವುದರಲ್ಲಿ. 1984ರಲ್ಲಿ ಆಂಡ್ರೂ ಜೇಮ್ಟನ್ ಅನ್ನುವವರು ನರ್ಸಿಂಗ್ ಬಗ್ಗೆ ಬರೆಯುತ್ತಾ ಇದಕ್ಕೆ 'ಮಾರಲ್ ಡಿಸ್ಟ್ರೆಸ್' ಅಂದರು. ಸರಿ ಯಾವುದು ಅಂತ ಗೊತ್ತು, ಆದರೆ ಮಾಡಲು ಬಿಡುವುದಿಲ್ಲ. ಕೈ ಕಟ್ಟಿಹಾಕಿದ ಸಂಕಟ.

ನಮ್ಮ ದೇಶದಲ್ಲಿ ಈ ಸಂಕಟ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ವಾಸಿಯಾಗುತ್ತಾರೆ. ಬಡ ದೇಶಗಳಲ್ಲಿ ಅಷ್ಟು ಜನ ಉಳಿಯುವುದಿಲ್ಲ, ಕೆಲವು ಕಡೆ ನೂರಕ್ಕೆ 30 ಕೂಡ ಇಲ್ಲ. 2030ರ ಹೊತ್ತಿಗೆ ಎಲ್ಲ ಕಡೆಯೂ 60 ಆದರೂ ಆಗಲಿ ಅಂತ 2018ರಲ್ಲಿ ಅವರು ಗುರಿ ಇಟ್ಟುಕೊಂಡರು. ಈ ಅಂತರ ನಮಗೆ ಕಾಗದದ ಮೇಲಿನ ಅಂಕಿ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎಂದರೆ ಎರಡು, ಎರಡೂವರೆ ವರ್ಷ. ರಾಯಚೂರು ಕಡೆಯ ಒಬ್ಬ ಅಪ್ಪ ಐದನೇ ತಿಂಗಳಿಗೆ ಬಂದು ಹೇಳಿದರು, "ಬಿತ್ತಿಗಿ ಟೈಮ್ ಐತ್ರಿ ಸಿಸ್ಟರ್, ಹೋಗಿ ಬರ್ತೀವಿ." ಹುಡುಗ ಆರಾಮಾಗಿ ಕಾಣುತ್ತಿದ್ದ, ತಲೆಯಲ್ಲಿ ಕೂದಲು ಬರುತ್ತಿತ್ತು. ನಿಲ್ಲಿಸಬೇಡಿ ಅಂತ ಡಾಕ್ಟರ್ ಹೇಳಿದರು, ನಾನು ಹೇಳಿದೆ. ಬಡವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಅದು ದೊಡ್ಡ ಆಸರೆ. ಆದರೆ ತಿಂಗಳುಗಟ್ಟಲೆ ಬೆಂಗಳೂರಿನ ರೂಮ್ ಬಾಡಿಗೆ, ಹೋದ ಕೂಲಿ, ಊರಲ್ಲಿ ಬಿಟ್ಟು ಬಂದ ಇನ್ನಿಬ್ಬರು ಮಕ್ಕಳು, ಇದಕ್ಕೆಲ್ಲ ಯಾವ ಕಾರ್ಡು? ಎಂಟು ತಿಂಗಳ ಮೇಲೆ ಆ ಹುಡುಗ ವಾಪಸ್ ಬಂದ. ಕಾಯಿಲೆ ತಿರುಗಿತ್ತು. ಆ ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಅವರ ಮುಖ ನೋಡಿದ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಎಲ್ಲೂ ಹೋಗಲಾರದ ಆ ಸಿಟ್ಟು ಇದೆಯಲ್ಲ, ಅದನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ.

ಡಾಕ್ಟರ್‌ಗಳು ಇದಕ್ಕೆ ಹೊರತಲ್ಲ. ಒಮ್ಮೆ ನೈಟ್ ಡ್ಯೂಟಿಯಲ್ಲಿ ಪಿಜಿ ಡಾಕ್ಟರ್ ಒಬ್ಬರನ್ನು ಹುಡುಕಿಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತಿದ್ದರು. ಅರ್ಧ ಗಂಟೆ ಮುಂಚೆ ಒಬ್ಬ ತಾಯಿಗೆ ಕೆಟ್ಟ ಸುದ್ದಿ ಹೇಳಿದ್ದರು, ಅದೂ ಲಿಫ್ಟಿನ ಪಕ್ಕ, ನಿಂತುಕೊಂಡು. ಬೇರೆ ಜಾಗವೇ ಇರಲಿಲ್ಲ. "ಸಿಸ್ಟರ್, ನಾನು ಹೇಳ್ತಾ ಹೇಳ್ತಾ ಗಡಿಯಾರ ನೋಡಿದೆ" ಅಂದರು. ಅದನ್ನೇ ಮೂರು ಸಲ ಹೇಳಿದರು. ಟೀ ತಂದುಕೊಟ್ಟೆ. ನನಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಇಲ್ಲಿ ಒಂದು ಸಂಶೋಧನೆಯ ಮಾತು ಹೇಳಬೇಕು, ಅದು ನನಗೆ ತುಂಬ ಸಹಾಯ ಮಾಡಿತು. ಮೆದುಳಿನ ಸಂಶೋಧಕರಾದ ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮತ್ತು ಅವರ ಜೊತೆಯವರು ಜನರಿಗೆ ಬೇರೆಯವರ ಸಂಕಟದ ವಿಡಿಯೋ ತೋರಿಸಿ, ಮೆದುಳಿನ ಸ್ಕ್ಯಾನ್ ಮಾಡಿದರು. ಬೇರೆಯವರ ನೋವನ್ನು ತಮ್ಮದೇ ಅಂತ ಅನುಭವಿಸುವುದನ್ನು ಅಭ್ಯಾಸ ಮಾಡಿದಾಗ ಜನ ಕುಗ್ಗಿದರು. ಆಮೇಲೆ ಅದೇ ಜನಕ್ಕೆ, ಆ ವ್ಯಕ್ತಿಗೆ ಒಳ್ಳೆಯದಾಗಲಿ ಅಂತ ಹಾರೈಸುವ ಅಭ್ಯಾಸ ಮಾಡಿಸಿದರು. ನೋಡಿದ ಸಂಕಟ ಅಂಥದ್ದೇ, ಆದರೆ ಕುಗ್ಗುವುದು ಕಡಿಮೆಯಾಯಿತು, ಮನಸ್ಸು ಚೇತರಿಸಿತು. ಮೆದುಳಿನಲ್ಲಿ ಕೆಲಸ ಮಾಡುವ ಜಾಗಗಳೇ ಬೇರೆ. ಹಾಗಾಗಿ 'ಕರುಣೆಯ ದಣಿವು' ಅನ್ನುವ ಹೆಸರೇ ತಪ್ಪು, ದಣಿಯುವುದು ಕರುಣೆ ಅಲ್ಲ ಅಂತ ಅವರು ವಾದಿಸುತ್ತಾರೆ. ನನಗೆ ಇದು ವಾರ್ಡಿನ ಭಾಷೆಯಲ್ಲಿ ಅರ್ಥವಾಗುತ್ತದೆ. ನೋವು ನೋಡುತ್ತಾ ಸುಮ್ನೆ ನಿಂತರೆ ಕುಸಿಯುತ್ತೇವೆ. ಕೊನೆಯ ಗಳಿಗೆಯಲ್ಲೂ ಒಣಗಿದ ತುಟಿಗೆ ಹತ್ತಿಯಲ್ಲಿ ನೀರು ಸವರುವುದು ಇದೆ. ತಾಯಿಯ ಬೆನ್ನ ಹಿಂದೆ ಒಂದು ದಿಂಬು ಇಡುವುದು ಇದೆ. ಕೈಗೆ ಕೆಲಸ ಇದ್ದಾಗ ಎದೆ ತಡೆದುಕೊಳ್ಳುತ್ತದೆ.

ನಮ್ಮ ಆಯಮ್ಮನ ಬಗ್ಗೆ ಹೇಳದೆ ಮುಂದೆ ಹೋಗುವುದಿಲ್ಲ. ಇಂಥ ಸಭೆಗಳಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಇವತ್ತೂ ಇಲ್ಲಿ ಒಬ್ಬರೂ ಇಲ್ಲ, ನೋಡಿ. ಅವರು ಕಾಂಟ್ರ್ಯಾಕ್ಟಿನಲ್ಲಿ ಕೆಲಸ ಮಾಡುವವರು. ದಿನಕ್ಕೆ ಮೂರು ಸಲ ಪ್ರತಿ ಮಂಚದ ಕೆಳಗೆ ಒರೆಸುವವರು. ನಾವು ಸೂಜಿ ಹಿಡಿದು ಹೋಗುತ್ತೇವೆ, ಮಕ್ಕಳು ನಮ್ಮನ್ನು ಕಂಡರೆ ಅಳುತ್ತವೆ. ಆಯಮ್ಮನ ಕೈಯಲ್ಲಿ ಸೂಜಿ ಇಲ್ಲ. ಹಾಗಾಗಿ ಮಕ್ಕಳ ಗುಟ್ಟೆಲ್ಲ ಅವರ ಹತ್ತಿರ. ಯಾವ ಮಗುವಿಗೆ ಮನೆಯಲ್ಲಿ ಯಾವ ಅಡ್ಡ ಹೆಸರು, ಯಾರಿಗೆ ರಾತ್ರಿ ಲೈಟ್ ಆರಿಸಿದರೆ ಭಯ, ಎಲ್ಲ ಗೊತ್ತು. ಒಂದು ಸಲ ಅವರಿಗೆ ತುಂಬ ಅಂಟಿಕೊಂಡಿದ್ದ ಮಗು ಹೋಯಿತು. ಅವರು ಮೂರು ದಿನ ಕೆಲಸಕ್ಕೆ ಬರಲಿಲ್ಲ. ಮೂರು ದಿನದ ಸಂಬಳ ಕಟ್ ಆಯಿತು. ಯಾಕೆ ಬರಲಿಲ್ಲ ಅಂತ ಕೇಳಿದ್ದಕ್ಕೆ, "ಮನೇಲಿ ಕೂತಿದ್ದೆ ಸಿಸ್ಟರ್, ಅಷ್ಟೆ" ಅಂದರು. ಯೋಚನೆ ಮಾಡಿದರೆ, ನಮ್ಮೆಲ್ಲರ ಪೈಕಿ ಸೂತಕ ಮಾಡಿದ್ದು ಅವರೊಬ್ಬರೇ. ಅದಕ್ಕೆ ಅವರು ತಮ್ಮ ಕೈಯಿಂದ ದುಡ್ಡು ತೆತ್ತರು.

ಏನು ಮಾಡಬೇಕು ಅಂತ ಕೇಳುತ್ತೀರಿ. ವರ್ಷಕ್ಕೊಮ್ಮೆ ಯೋಗ ಶಿಬಿರ ಇಟ್ಟರೆ ನನಗೇನೂ ತಕರಾರಿಲ್ಲ. ಆದರೆ ಎರಡು ಪಾಳಿ ಮಾಡಿ ಬಂದವಳಿಗೆ ಉಸಿರಾಟ ಹೇಳಿಕೊಟ್ಟು, ಇನ್ನು ಗಟ್ಟಿಯಾಗಿರಮ್ಮ ಅಂದರೆ, ತಪ್ಪೆಲ್ಲ ಅವಳದ್ದೇ ಅಂತಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ರಾತ್ರಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಇದ್ದರೆ ಆಗುವ ಸಹಾಯ ಯಾವ ಶಿಬಿರದಿಂದಲೂ ಆಗುವುದಿಲ್ಲ. ಇದು ದುಡ್ಡಿನ ಮಾತು, ಆಡಳಿತದವರು ಕೇಳಿಸಿಕೊಳ್ಳಬೇಕಾದ ಮಾತು.

ದುಡ್ಡಿಲ್ಲದೆ ಆಗುವಂಥದ್ದೂ ಇವೆ. ಒಂದು, ವಾಸಿಯಾದ ಮಕ್ಕಳನ್ನು ವಾರ್ಡಿಗೆ ತೋರಿಸುವುದು. ಇದು ನನಗೆ ಬಹಳ ತಡವಾಗಿ ಹೊಳೆಯಿತು. ವಾರ್ಡಿನ ನರ್ಸ್ ಮಕ್ಕಳನ್ನು ನೋಡುವುದು ಅವರು ತೀರಾ ಹುಷಾರಿಲ್ಲದೆ ಇದ್ದಾಗ ಮಾತ್ರ. ವಾಸಿಯಾದ ಮಗು ಕೆಳಗಡೆ ಓಪಿಡಿಗೆ ಬರುತ್ತದೆ, ಡಾಕ್ಟರಿಗೆ ತೋರಿಸಿಕೊಂಡು ಹೋಗುತ್ತದೆ. ಮೇಲಕ್ಕೆ ಯಾಕೆ ಬರಬೇಕು? ಹಾಗಾಗಿ ನಮ್ಮ ಲೆಕ್ಕದಲ್ಲಿ ಹೋದವರೇ ಇರುತ್ತಾರೆ. ಒಂದು ದಿನ ಲಿಫ್ಟಿನಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. "ಸಿಸ್ಟರ್, ನೀವು ನನ್ನ ಕೈ ಮೇಲೆ ಗುಬ್ಬಿ ಬರೆದಿದ್ರಿ" ಅಂದಳು. ಪಿಯುಸಿ ಓದುತ್ತಿದ್ದಳು. ನನಗೆ ಗುರುತೇ ಸಿಗಲಿಲ್ಲ. ನಾನು ನೋಡಿದ್ದ ಮಗುವಿಗೆ ತಲೆಯಲ್ಲಿ ಒಂದು ಎಳೆ ಕೂದಲಿರಲಿಲ್ಲ. ಅವತ್ತೇ ಓಪಿಡಿಯವರ ಹತ್ತಿರ ಮಾತಾಡಿದೆ. ಚಿಕಿತ್ಸೆ ಮುಗಿಸಿ ಚೆಕಪ್ಪಿಗೆ ಬರುವ ಮಕ್ಕಳನ್ನು, ಮನೆಯವರು ಒಪ್ಪಿದರೆ, ಐದು ನಿಮಿಷ ಮೇಲೆ ಕಳಿಸಿ ಅಂದೆ. ಬಾಗಿಲಲ್ಲೇ ನಿಂತು ಕೈ ಬೀಸಿ ಹೋಗುತ್ತಾರೆ, ಸೋಂಕಿನ ಭಯಕ್ಕೆ ಒಳಗೆ ಬಿಡುವುದಿಲ್ಲ. ಒಳಗಿರುವ ತಾಯಂದಿರೂ ನೋಡುತ್ತಾರೆ. ಇದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಇನ್ನೊಂದು, ಮಾತಾಡಲು ಯಾರಾದರೂ ಇರುವುದು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ಹೊತ್ತಿಲ್ಲದ ಹೊತ್ತಿನಲ್ಲೂ ಫೋನ್ ಎತ್ತುತ್ತಾರೆ. ರೋಗಿಗಳ ಮನೆಯವರಿಗೆ ಈ ನಂಬರ್ ನಾವೇ ಬರೆದುಕೊಡುತ್ತೇವೆ. ನಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರುವುದಿಲ್ಲ. ಈಗಲೇ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ಮೂರನೆಯದು ಒಂದು ನಿಮಿಷದ ವಿಷಯ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಇದ್ದಾರೆ, ತುರ್ತು ವಿಭಾಗದಲ್ಲಿ ಕೆಲಸ ಮಾಡಿದವರು. ಒಬ್ಬರನ್ನು ಉಳಿಸಲು ಒದ್ದಾಡಿ, ಅವರು ಉಳಿಯದೆ ಹೋದಾಗ, ಎಲ್ಲರೂ ಕೈಗವಸು ಬಿಚ್ಚಿ ಎಸೆದು ಮುಂದಿನ ಕೆಲಸಕ್ಕೆ ಹೋಗುವುದನ್ನು ನೋಡಿ, ಒಂದು ನಿಮಿಷ ನಿಲ್ಲೋಣ ಅಂದರು. ಹಾಸಿಗೆಯ ಸುತ್ತ ಎಲ್ಲರೂ ಸುಮ್ಮನೆ ನಿಲ್ಲುವುದು. ಇವರು ಯಾರದೋ ಮಗ, ಯಾರದೋ ಗೆಳೆಯ ಅಂತ ನೆನೆಯುವುದು. ಅಷ್ಟೇ. 'ದಿ ಪಾಜ್' ಅಂತ ಹೆಸರು, ಅಂದರೆ ಒಂದು ಗಳಿಗೆ ನಿಲ್ಲುವುದು. ಈಗ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಮಾಡುತ್ತಾರೆ.

ನಾವು ಇದನ್ನು ಶುರು ಮಾಡಿದಾಗ, ಇಂಗ್ಲಿಷಿನಲ್ಲಿ ಓದುವುದು ಬೇಡ ಅಂದೆ. ಮಗುವಿನ ಹೆಸರು ಹೇಳೋಣ, ಅವನ ಬಗ್ಗೆ ಗೊತ್ತಿರುವ ಒಂದು ವಿಷಯ ಹೇಳೋಣ, ಆಮೇಲೆ ಸುಮ್ಮನೆ ನಿಲ್ಲೋಣ. ಮೊದಲ ಸಲ ಹಾಗೆ ನಿಂತದ್ದು ಒಂದು ಬೆಳಗಿನ ಜಾವವೇ. ಐದು ವರ್ಷದ ಹುಡುಗ. ಪಿಜಿ ಡಾಕ್ಟರ್ ಇದ್ದರು, ಇಬ್ಬರು ಸಿಸ್ಟರ್, ಗಂಡು ನರ್ಸ್ ಒಬ್ಬರು, ನಾನು. ಆಯಮ್ಮ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬನ್ನಿ ಅಂದೆ. ಅವನ ಅಪ್ಪ ಅಮ್ಮನೂ ಅಲ್ಲೇ ಇದ್ದರು. ಡಾಕ್ಟರ್ ಫೈಲಿನಲ್ಲಿದ್ದ ಹೆಸರು ಹೇಳಿದರು. ಯಾರಿಗೂ ಮುಂದೆ ಏನು ಹೇಳಬೇಕೋ ತೋಚಲಿಲ್ಲ. ಆಗ ಆಯಮ್ಮ ಮೆಲ್ಲಗೆ, "ಮನೇಲಿ ಪುಟ್ಟಣ್ಣ ಅಂತಾರೆ" ಅಂದರು. "ಕಡ್ಲೆಬೀಜ ಅಂದ್ರೆ ಪ್ರಾಣ. ಸಿಪ್ಪೆ ನಾನು ಬರೋ ತನಕ ದಿಂಬಿನ ಕೆಳಗೆ ಬಚ್ಚಿಟ್ಟಿರ್ತಿದ್ದ." ಅವನ ಅಮ್ಮ ಆಯಮ್ಮನ ಕೈ ಹಿಡಿದುಕೊಂಡರು. ನಾವೆಲ್ಲ ಅಲ್ಲೇ ಅತ್ತೆವು. ಡಾಕ್ಟರೂ ಅತ್ತರು. ಯಾವ ತಾಯಿಯೂ ಹೆದರಲಿಲ್ಲ. ಪಕ್ಕದ ಬೆಡ್ಡಿನ ಅಜ್ಜಿ ಎದ್ದು ಬಂದು, ಫ್ಲಾಸ್ಕಿನಲ್ಲಿದ್ದ ಟೀಯನ್ನು ಲೋಟಕ್ಕೆ ಬಗ್ಗಿಸಿ ನಮಗೆಲ್ಲ ಕೊಟ್ಟರು.

ಕ್ಯಾಶುವಾಲ್ಟಿಯಿಂದ ಫೋನ್ ಬಂತು. "ಬೆಡ್ ರೆಡಿನಾ?" ಅಂದರು. "ಇನ್ನು 20 ನಿಮಿಷ ಬೇಕು" ಅಂದೆ. ಯಾಕೆ ಅಂತ ಕೇಳಿದರು. "ಮಗು ಹೋಗಿದೆ, ಅದಕ್ಕೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆಯ್ತು ಸಿಸ್ಟರ್, ಇಲ್ಲೇ ಡ್ರಿಪ್ ಶುರು ಮಾಡಿರ್ತೀವಿ" ಅಂದರು.

ಹೊಸ ಮಗು ಬಂದಾಗ ಐದೂ ಮುಕ್ಕಾಲು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಸಿಸ್ಟರ್ ಬಾಗಿಲಿಗೆ ಹೋಗಿ ಕರೆದುಕೊಂಡು ಬಂದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಸ್ಟ್ರೆಚರ್ ಪಕ್ಕ ಬಗ್ಗಿ, "ನಿನ್ನ ಹೆಸರೇನು ಪುಟ್ಟಾ?" ಅಂತ ಕೇಳಿದಳು.